ಕೈ ಕಟ್ಟಿ ಹೇಳಿದ ಪಾಠ

೧೯೬೮ರಲ್ಲಿ ನನ್ನ ಕೆಲಸ, ಕುಂದಾಪುರದ ಆಸುಪಾಸಿನ ಪ್ರಾಥಮಿಕ ಶಾಲೆಗಳ ಮಾಷ್ಟ್ರುಗಳಿಗೆ ಪಾಠ ಯೋಜನೆ ಬರೆಯಲು ಕಲಿಸುವುದು. ಪ್ರತಿ ಪಾಠದ ಉದ್ದೇಶಗಳನ್ನು ಹಂತ ಹಂತವಾಗಿ ಬರೆಯಬೇಕೆಂಬ ಪದ್ಧತಿ ನಮ್ಮ ಕಡೆಗೆ ಆಗಷ್ಟೇ ಬಂದಿತ್ತು. ಮಗು ನೆನಪಿಟ್ಟು ಹೇಳಿದರೆ ಜ್ಞಾನ, ಕಾರಣ ವಿವರಿಸಿದರೆ ಗ್ರಹಿಕೆ, ಹೊಸ ಸಂದರ್ಭದಲ್ಲಿ ಬಳಸಿದರೆ ಅನ್ವಯ. ನಾನು ಬೈಂದೂರಿನಲ್ಲಿ ಅಮ್ಮನ ಮೀನಿನ ಬುಟ್ಟಿಯ ಪಕ್ಕ ಕೂತು ಚೌಕಾಸಿ ಕಲಿತವನು. ಮೀನಿನ ಹೆಸರು ಹೇಳುವುದು ಬೇರೆ, ಕಿವಿರು ಎತ್ತಿ ನೋಡಿ ಬೆಲೆ ಕಟ್ಟುವುದು ಬೇರೆ ಎಂದು ಮಾಷ್ಟ್ರುಗಳಿಗೆ ಹೇಳುತ್ತಿದ್ದೆ. ನಗುತ್ತಿದ್ದರು. ಬರೆಯುವಾಗ ಮಾತ್ರ ಎಲ್ಲ ಪಾಠಕ್ಕೂ ‘ಮಕ್ಕಳು ಹೇಳುವರು’ ಎಂದೇ ಬರೆಯುತ್ತಿದ್ದರು.

ವಂಡ್ಸೆ ಕಡೆಯ ಒಂದು ಶಾಲೆಯಲ್ಲಿ ಮಂಜಯ್ಯ ಮಾಷ್ಟ್ರು ಇದ್ದರು. ಶಿಸ್ತಿನ ಮನುಷ್ಯ, ಮಕ್ಕಳೆಂದರೆ ಜೀವ. ಒಂದು ಬೆಳಿಗ್ಗೆ ಅವರ ಪಾಠ ನೋಡಲು ಹೋದೆ. ನೀರಿನಲ್ಲಿ ಮುಳುಗಿದವರಿಗೆ ಪ್ರಥಮ ಚಿಕಿತ್ಸೆ, ಆಗಿನ ಪದ್ಧತಿಯದ್ದು. ಕೇಳಿದ ಮಗು ಎದ್ದು, ಎದೆಯ ಮೇಲೆ ಕೈ ಕಟ್ಟಿ, ಕ್ರಮ ತಪ್ಪದೆ ಹೇಳಬೇಕು. ಶಾರದೆ ಎಂಬ ಹುಡುಗಿ ಎಲ್ಲೂ ತಡವರಿಸದೆ ಒಪ್ಪಿಸಿದಳು.

ಅನ್ವಯ ಎಲ್ಲಿ, ಒಬ್ಬರನ್ನು ಮಲಗಿಸಿ ಮಾಡಿಸಬೇಕಿತ್ತಲ್ಲ ಎಂದು ಆಮೇಲೆ ಕೇಳಿದೆ.

“ಹ್ವಾಯ್, ಬಾಯಿಗೆ ಬಂದದ್ದ್ ಕೈಗೆ ಬತ್ತಿಲ್ಯಾ? ಮಕ್ಕಳ್ನ ನೆಲದ್ ಮೇಲೆ ಹೊರ್ಳಾಡ್ಸಿರೆ ಊರವ್ರ್ ನಗಾಡ್ತ್ರ್” ಅಂದರು ಮಂಜಯ್ಯ.

ನಾನು ಬಿಡಲಿಲ್ಲ. ಬರುವ ವಾರ ಮಾಡಿಸುವುದೆಂದು ಚೌಕಾಸಿ ಮುಗಿಯಿತು.

ಅದೇ ದಿನ ಊಟದ ಬಿಡುವಿನಲ್ಲಿ ಚಿಪ್ಪು ಹೆಕ್ಕಲು ಹೊಳೆಗೆ ಇಳಿದ ಗಿರಿಜೆ ಎಂಬ ಹುಡುಗಿ ಗುಂಡಿಗೆ ಜಾರಿದಳು. ಅದೇ ತರಗತಿಯವಳು. ಜೊತೆಯ ಮಕ್ಕಳೇ ಧೈರ್ಯ ಮಾಡಿ ಅವಳನ್ನು ಎಳೆದು ದಂಡೆಗೆ ಹಾಕಿದರು. ಆಮೇಲೆ ಇಬ್ಬರು ಮಾಷ್ಟ್ರನ್ನು ಕರೆಯಲು ಗದ್ದೆ ದಾಟಿ ಶಾಲೆಗೆ ಓಡಿ ಬಂದರು. ಉಳಿದವರು ಕಾದರು.

ಇನ್ನೂ ಶಾಲೆಯಲ್ಲೇ ಇದ್ದ ನಾನೂ ಮಂಜಯ್ಯನವರೂ ಓಡಿ ತಲುಪಿದಾಗ ಗಿರಿಜೆ ಅಂಗಾತ ಬಿದ್ದಿದ್ದಳು. ಶಾರದೆ ಅವಳ ತಲೆಯ ಹತ್ತಿರ ಕೈ ಕಟ್ಟಿ ನಿಂತು ಹೇಳುತ್ತಿದ್ದಳು: “ಬೋರಲು ಮಲಗಿಸಬೇಕು. ಮುಖವನ್ನು ಪಕ್ಕಕ್ಕೆ ತಿರುಗಿಸಬೇಕು. ಬಾಯಿಯ ಕೆಸರು ತೆಗೆಯಬೇಕು. ಬೆನ್ನನ್ನು ಒತ್ತಬೇಕು.” ಮುಗಿಸಿ, ಮತ್ತೆ ಮೊದಲಿನಿಂದ. ಒಂದು ಶಬ್ದವೂ ತಪ್ಪಿರಲಿಲ್ಲ.

ಮಂಜಯ್ಯ ಮಂಡಿಯೂರಿ ಹುಡುಗಿಯನ್ನು ಬೋರಲು ಮಾಡಿದರು. ಬೆನ್ನಿನ ಮೇಲೆ ಅವರ ಕೈ ಜಾಗ ಹುಡುಕುತ್ತ ತಡಕಾಡಿತು. ಅವರು ಸೋತಾಗ ನಾನು ಒತ್ತಿದೆ, ನಾನು ಸೋತಾಗ ಅವರು. ಉಸಿರು ಮರಳಲಿಲ್ಲ. ಮಕ್ಕಳೇ ಕೂಡಲೇ ಒತ್ತಿದ್ದರೆ ಬದುಕುತ್ತಿದ್ದಳೇ? ಆಮೇಲೆ ಬಂದು ನೋಡಿದ ಡಾಕ್ಟರಿಗೂ ಹೇಳಲಾಗಲಿಲ್ಲ.

ಹುಡುಗಿಯನ್ನು ಮನೆಗೆ ಎತ್ತಿಕೊಂಡು ಹೋದ ಮೇಲೆ ಶಾರದೆ ನನ್ನ ಹತ್ತಿರ ಬಂದಳು.

“ಮಾಷ್ಟ್ರೇ, ಅದ್ ನಾವೇ ಮಾಡ್ಲಕ್ಕಿತ್ತಾ?”

ತಾವೇ ಮಾಡಬಹುದಿತ್ತೇ ಎಂದು ಆ ಮಗು ಕೇಳುತ್ತಿತ್ತು. ನಾನು ಅವಳ ತಲೆ ಸವರಿದೆ.

ಕೆಲವು ತಿಂಗಳ ನಂತರ ಬ್ರಹ್ಮಾವರದಲ್ಲಿ ಮಾಷ್ಟ್ರುಗಳ ತರಬೇತಿ ನಡೆಯಿತು. ಮಂಜಯ್ಯನವರನ್ನು ನಾನು ಕರೆದಿರಲಿಲ್ಲ, ತಾವಾಗಿ ಬಂದರು. ಪ್ರಥಮ ಚಿಕಿತ್ಸೆಯ ಪಾಠ ಬಂದಾಗ ಎದ್ದು ಅಂಗಿ ಬಿಚ್ಚಿಟ್ಟು, ಎಲ್ಲರ ಮುಂದೆ ಬರಿನೆಲದಲ್ಲಿ ಬೋರಲು ಮಲಗಿದರು. “ಒಬ್ಬೊಬ್ರೇ ಬನ್ನಿ, ಒತ್ತಿ” ಅಂದರು. ಯಾರೂ ನಗಲಿಲ್ಲ. ಕೊನೆಯವರು ಒತ್ತಿ ಎದ್ದ ಮೇಲೂ ಅವರು ಮುಖ ಎತ್ತಲಿಲ್ಲ.

ಪಾಠ ಹೇಳುವವರಿಗೆ ನನ್ನ ಸಲಹೆ ಇಷ್ಟು: ಉದ್ದೇಶ ಬರೆಯುವ ಮೊದಲು, ಈ ಪಾಠ ಮಗುವಿಗೆ ಎಲ್ಲಿ ಬೇಕಾಗುತ್ತದೆ ಎಂದು ಯೋಚಿಸಿ. ಹೊಳೆದಂಡೆಯಲ್ಲಿ ಬೇಕಾದ್ದನ್ನು ಬೆಂಚಿನ ಮೇಲೆ ಮುಗಿಸಬೇಡಿ. ದೊಡ್ಡವರು ಬರುವ ತನಕ ಕಾಯಬೇಕಾಗಿಲ್ಲ ಎಂಬುದನ್ನೂ ಪಾಠದ ಜೊತೆಗೇ ಕಲಿಸಿ. ನಾನಂತೂ ಆಮೇಲೆ ಯಾವ ಶಾಲೆಗೆ ಹೋದರೂ, ಎದ್ದು ಕೈ ಕಟ್ಟಿ ನಿಂತ ಮಗುವಿಗೆ ಮೊದಲು ಹೇಳುತ್ತಿದ್ದದ್ದು ಒಂದೇ: “ಕೈ ಬಿಡ್ ಮಗಾ. ಉತ್ತರ ಆಮೇಲೆ.”