ಎಡಗೈಯ ಬಗ್ಗೆ ನಾನು ತಿರುಚಿ ಹೇಳಿದ ಮಾತು

ತಮ್ಮನಿಗೆ ತಲುಪಬೇಕಾಗಿದ್ದ ಒಂದು ಮಾತನ್ನು ನಾನು ಬೇಕೆಂದೇ ತಿರುಚಿ ಹೇಳಿದೆ. ಅಂದು ಮೈದಾನದಲ್ಲಿ ಎಷ್ಟು ಜನರಿದ್ದರು, ಯಾರು ಎಲ್ಲಿ ನಿಂತಿದ್ದರು — ಅವೆಲ್ಲ ನೆನಪಿನಲ್ಲಿ ಕಲಸಿಹೋಗಿವೆ. ಕೆಲವನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಆದರೆ ತಿರುಚಿದ್ದು ನಿಜ. ಅದೊಂದರಲ್ಲಿ ನನಗೆ ಅನುಮಾನದ ಆಸರೆಯೂ ಇಲ್ಲ.

ತಮ್ಮ ಅಶ್ವತ್ಥ ಹುಟ್ಟಾ ಎಡಚ. "ಎಡಗೈಲಿ ಮುದ್ದೆ ಮುರಿಯೋನಿಗೆ ಯಾರಮ್ಮ ಹೆಣ್ಣು ಕೊಡ್ತಾರೆ?" ಎಂದು ಅಜ್ಜಿ ಗೊಣಗುತ್ತಿದ್ದರು. ಆ ಕೈಯ ಅಭ್ಯಾಸ ತಪ್ಪಿಸುವ ಕೆಲಸ ದೊಡ್ಡವಳಾದ ನನ್ನ ಪಾಲಿಗೆ ಬಂತು. ಅಕ್ಷರ ತಿದ್ದಿಸುವಾಗ ಅದರ ಮೇಲೆ ಅಡಿಕೋಲಿನಿಂದ ಹೊಡೆಯುತ್ತಿದ್ದೆ. ಊಟದ ಹೊತ್ತಿಗೆ ಟವಲಿನಿಂದ ಬೆನ್ನ ಹಿಂದೆ ಕಟ್ಟುತ್ತಿದ್ದೆ. ಬರೆಯಲು, ಉಣ್ಣಲು ಬಲಗೈ ಬಳಸುವುದನ್ನು ಕಲಿತ. ಆದರೆ ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಬಿದಿರಿನ ಗಳ ಊರಿ ಹಾರುವ ಪೋಲ್‌ವಾಲ್ಟ್‌ಗೆ ಇಳಿದಾಗ ಎಡಗೈ ತಾನಾಗಿಯೇ ಗಳದ ಮೇಲಿನ ಹಿಡಿತಕ್ಕೆ ಹೋಯಿತು. ಅಲ್ಲಿ ಯಾರೂ ಬೈಯಲಿಲ್ಲ — ಅವನಷ್ಟು ಎತ್ತರ ಹಾರುವವರು ಬೇರೆ ಯಾರೂ ಇರಲಿಲ್ಲ.

ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದ ವರ್ಷ, ಹುಡುಗರಿಗೆ ಹೇಳಿಕೊಡಲು ಉತ್ತರದ ಕಡೆಯ ತರಬೇತುದಾರರೊಬ್ಬರು ಒಂದು ದಿನದ ಮಟ್ಟಿಗೆ ಬಂದರು. ಅವರಿಗೆ ಕನ್ನಡ ಬಾರದು. ಅವರ ಇಂಗ್ಲಿಷನ್ನು ಹುಡುಗರಿಗೆ ತಿಳಿಸಲು ನನ್ನನ್ನು ಕರೆಸಿದರು. ಗಳದ ತುದಿ ಗುಳಿಗೆ ತಾಗುವ ಹೊತ್ತಿಗೆ ಕೆಳಗಿನ ಕೈಯನ್ನು ಮೇಲಿನ ಕೈಯ ಹತ್ತಿರಕ್ಕೆ ಜಾರಿಸಬೇಕು, ಅವಸರಪಟ್ಟು ಮೈಯನ್ನು ಎಳೆದುಕೊಳ್ಳಬಾರದು, ಮೊದಲು ಗಳಕ್ಕೆ ಜೋತು ತೂಗಬೇಕು — ಇದನ್ನೆಲ್ಲ ಸರಿಯಾಗಿಯೇ ಹೇಳಿದೆ, ಹೆಮ್ಮೆಯಿಂದ. ಅಶ್ವತ್ಥ ಅಂದು ಹಾರಿದ ಹಾಗೆ ಹಿಂದೆಂದೂ ಹಾರಿರಲಿಲ್ಲ.

ಅವರು ರೈಲಿಗೆ ಹೊರಡುವಾಗ ಒಬ್ಬ ಹುಡುಗ ನಗುತ್ತಾ, "ಇವ್ನು ಎಡಚ ಸಾರ್, ಕೈ ಉಲ್ಟಾ ಹಿಡೀತಾನೆ" ಎಂದ. ಅದನ್ನು ಅವರಿಗೆ ತಿಳಿಸಿದೆ. "ಲೀವ್ ಹಿಸ್ ಲೆಫ್ಟ್ ಹ್ಯಾಂಡ್ ಅಲೋನ್" ಎಂದರು. ಆ ಕೈಯ ತಂಟೆಗೆ ಹೋಗಬೇಡಿ, ಇದ್ದ ಹಾಗೇ ಇರಲಿ ಎಂದು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು, ಅಶ್ವತ್ಥನೂ. ಆ ಕೈಗೆ ಅಷ್ಟು ವರ್ಷ ಹೊಡೆದವಳು ನಾನು — ಹೊಡೆದದ್ದೆಲ್ಲ ದಂಡ ಎಂದು ನನ್ನ ಬಾಯಿಂದಲೇ ಬರಬೇಕೆ?

"ಎಡಗೈ ಬಿಡ್ಬೇಕಂತೆ ಕಣೋ" ಎಂದೆ.

ಎಷ್ಟೋ ವರ್ಷ ಆ ಒಂದು ಪದದ ಮರೆಯಲ್ಲಿ ಅಡಗಿದ್ದೆ. ಬಿಡುವುದೆಂದರೆ ಅದರ ಪಾಡಿಗೆ ಬಿಡುವುದೂ ಹೌದಲ್ಲವೇ, ಅವನೇ ತಪ್ಪು ತಿಳಿದುಕೊಂಡ — ಎಂದು. ಸುಳ್ಳು. ಅವನು ಹೇಗೆ ತಿಳಿಯುತ್ತಾನೆಂದು ಗೊತ್ತಿದ್ದೇ ಹೇಳಿದೆ.

ಚಿಕ್ಕಬಳ್ಳಾಪುರದಲ್ಲಿ ಆಯ್ಕೆ ಇತ್ತು; ಜೊತೆಗೆ ನಾನೂ ಹೋಗಿದ್ದೆ. ಅಲ್ಲಿ ಗೆದ್ದು ಬೆಂಗಳೂರಿಗೆ ಹೋಗುವ ತಂಡ ಸೇರಬೇಕೆಂಬುದೊಂದೇ ಅವನ ಆಸೆ. ಕೈ ಬದಲಾಯಿಸಿದರೆ ಚಿಮ್ಮುವ ಕಾಲೂ ಬದಲಾಗಬೇಕು. ಅದು ಅವನಿಗೆ ಒಗ್ಗಲೇ ಇಲ್ಲ. ಓಡಿ ಬಂದು ಗುಳಿಯ ಮುಂದೆ ಹೆಜ್ಜೆ ತಡವರಿಸಿ ನಿಂತುಬಿಡುತ್ತಿದ್ದ. ನೋಡುತ್ತಿದ್ದವರು ನಕ್ಕರು. ಮೊದಲೆಲ್ಲ ಸಲೀಸಾಗಿ ದಾಟುತ್ತಿದ್ದ ಎತ್ತರವನ್ನೂ ದಾಟಲಿಲ್ಲ.

"ನನ್ ಕೈಯೇ ಸರಿಯಿಲ್ಲ ಕಣಕ್ಕ" ಎಂದ, ಹಿಂದಿರುಗುವ ಬಸ್ಸಿನಲ್ಲಿ. ಆಗಲಾದರೂ — ಇಲ್ಲ. ನಾನು ಮುಖ ತಿರುಗಿಸಿ ಕೂತೆ. ಮತ್ತೆಂದೂ ಅವನು ಗಳ ಮುಟ್ಟಲಿಲ್ಲ.

ಈಗ ಹೆಂಡತಿಯ ಊರಾದ ದಿಬ್ಬೂರಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುತ್ತಾನೆ. ಮೊನ್ನೆ ಅಲ್ಲಿಗೆ ಹೋಗಿದ್ದೆ. ಊಟಕ್ಕೆ ಕೂತಾಗ ಅವನ ಪುಟ್ಟ ಮಗಳು ತಟ್ಟೆಗೆ ಎಡಗೈ ಹಾಕಿದಳು. ಅವನು ಪಟ್ಟನೆ ಆ ಕೈಗೆ ಹೊಡೆದ. "ನಂಗೂ ನಮ್ಮಕ್ಕ ಹಿಂಗೇ ಬುದ್ಧಿ ಕಲಿಸಿದ್ದು ಕಣಮ್ಮ" ಎಂದು ಅವಳಿಗೆ ಹೇಳಿ, ನನ್ನ ಕಡೆ ನೋಡಿ ನಕ್ಕ. ಆ ನಗುವಿನಲ್ಲಿ ಕಹಿ ಇರಲಿಲ್ಲ. ಇದ್ದಿದ್ದರೆ ನಾನು ಇನ್ನೂ ಸುಮ್ಮನಿರುತ್ತಿದ್ದೆನೋ ಏನೋ.

ಮಗುವನ್ನು ಮಡಿಲಿಗೆ ಎಳೆದುಕೊಂಡು ಎಲ್ಲವನ್ನೂ ಹೇಳಿದೆ. ತರಬೇತುದಾರರು ನಿಜವಾಗಿ ಅಂದದ್ದನ್ನೂ, ನಾನು ಯಾಕೆ ಬೇರೆ ಹೇಳಿದೆ ಎಂಬುದನ್ನೂ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಆಮೇಲೆ ನಾನೇ ಕೇಳಿದೆ:

"ಅವತ್ತು ನಾನು ಸರಿಯಾಗ್ ಹೇಳಿದ್ದಿದ್ರೆ, ಇವತ್ತು ಈ ಮಗೂನ ಹೊಡೀತಿದ್ಯೇನೋ?"