ಟೈಲರ್ ಆಂಟಿಯ ಬರಿಗಾಲು

ಅವರ ಬಲಗೈ ಹೆಬ್ಬೆರಳ ಬುಡದಲ್ಲಿ, ಕತ್ತರಿ ಹಿಡಿದು ಹಿಡಿದು ಎದ್ದ ಹುಣಸೆಬೀಜದಷ್ಟು ಗಂಟಿತ್ತು. ಅದೇ ಹೆಬ್ಬೆರಳಿನಿಂದ, ಬಟ್ಟೆಯ ಮಡಿಕೆ ತೀಡುವವರ ಹಾಗೆ, ಫೋನನ್ನು ಒತ್ತಿ ಒತ್ತಿ ಒಂದು ಆಟ ಆಡುತ್ತಿದ್ದರು. ಈ ಗಂಟಿನ ಮಟ್ಟಿಗೆ ಖಚಿತವಾಗಿ ಹೇಳಬಲ್ಲೆ. ಉಳಿದದ್ದನ್ನು ನೆನಪು ಎಲ್ಲೆಲ್ಲಿ ಕತ್ತರಿಸಿ ಹೊಲಿದಿದೆಯೋ ಗೊತ್ತಿಲ್ಲ.

ವಿಜಯನಗರದ ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಅವರ ಮನೆ. ಮುಂದಿನ ಕೋಣೆಯಲ್ಲೇ ಹೊಲಿಗೆ ಮೆಷಿನ್. ಎಲ್ಲರಿಗೂ ಟೈಲರ್ ಆಂಟಿ. ಬ್ಲೌಸಿಗೆ ಕಾಯುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ಅವರ ಫೋನಿಗೆ ಆ ಆಟ ಹಾಕಿಕೊಟ್ಟಿದ್ದಳು. ಅದರಲ್ಲಿ ಹೊಡೆದಾಟವಿಲ್ಲ. ಆಡುವವರಿಗೆಲ್ಲ ಒಂದೊಂದು ಪುಟ್ಟ ಮನೆ, ಹಿತ್ತಲು. ಯಾವ್ಯಾವುದೋ ದೇಶದವರು ಒಬ್ಬರ ಮನೆಗೊಬ್ಬರು ಹೋಗಿ ಕೂತು ಮಾತಾಡುತ್ತಾರೆ. ಗೆಲ್ಲುವುದು ಹೇಗೆ ಎಂದು ಕೇಳಿದ್ದೆ. "ಗೆಲ್ಲೋದೇನ್ ಬಂತು, ಹೋಗೋದು ಬರೋದು ಅಷ್ಟೆ" ಎಂದಿದ್ದರು.

ಯಾರ ಮನೆಗೆ ಹೋದರೂ ಆಟದೊಳಗಿನ ತಮ್ಮ ಗೊಂಬೆಯ ಚಪ್ಪಲಿ ಬಿಚ್ಚುತ್ತಿದ್ದರು. ಅದಕ್ಕೆಂದು ಬೇರೆ ಗುಂಡಿಯಿಲ್ಲ. ಬಟ್ಟೆಪೆಟ್ಟಿಗೆ ತೆರೆದು, ಟೋಪಿ ದಾಟಿ, ಕೋಟು ದಾಟಿ, ಕಾಲಿನವರೆಗೆ ಇಳಿಯಬೇಕು. ಅಷ್ಟು ಹೊತ್ತೂ ಆ ಮನೆಯವರು ಒಳಗೆ ಕಾಯುತ್ತಿದ್ದರು. ಆಟದಲ್ಲಿ ಧೂಳೆಲ್ಲಿದೆ ಆಂಟಿ ಎಂದು ನಾನು ನಕ್ಕರೆ, "ಧೂಳಿಗೇನೋ ಬಿಚ್ಚೋದು?" ಎಂದು ದಾರ ಕಡಿದುಕೊಂಡರು.

ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡು ನಾನು ಮೊದಲ ಮಹಡಿಯಲ್ಲಿ ಮಂಚ ಹಿಡಿದೆ. ಅವರಿಗೆ ಮಂಡಿನೋವು, ಹತ್ತಲಾಗದು. ನಡುವೆ ಹದಿನೆಂಟು ಮೆಟ್ಟಿಲು. ನನಗೂ ಆಟದಲ್ಲೊಂದು ಮನೆ ಮಾಡಿಸಿ, ದಿನಾ ನೋಡಲು ಬಂದರು. ಕಾಯಿಲೆಯವರ ಮನೆಗೆ ಬರಿಗೈಲಿ ಹೋಗಬಾರದಲ್ಲ. ಮೋಸಂಬಿ ಸಿಗದ ಆ ಲೋಕದಲ್ಲಿ ತಮ್ಮ ಹಿತ್ತಲಿನ ಕುಂಬಳಕಾಯಿ ಇಟ್ಟುಹೋಗುತ್ತಿದ್ದರು.

ಬ್ಯಾಂಡೇಜು ಬಿಚ್ಚಿದ ಮೇಲೂ ನಾನು ಏಳಲಿಲ್ಲ. ಈಗ ನಡೆಯದಿದ್ದರೆ ಕಾಲು ಹಾಗೇ ಬಿಗಿದುಹೋಗುತ್ತದೆ ಎಂದು ಡಾಕ್ಟರ್ ಹೇಳಿದ್ದರು. ವ್ಯಾಯಾಮ ಮಾಡಿಸಲು ಬಂದವರನ್ನು ವಾಪಸು ಕಳಿಸಿದೆ. ಆಟದ ಮನೆಗೂ ಬೀಗ ಹಾಕಿದೆ. ಒಂದು ಮಧ್ಯಾಹ್ನ ಆಂಟಿಯ ಗೊಂಬೆ ಬಂದು ನನ್ನ ಬಾಗಿಲಾಚೆ ಬರಿಗಾಲಲ್ಲಿ ನಿಂತಿತು. ನಾನು ತೆರೆಯಲಿಲ್ಲ. ಕೆಳಗೆ ಮೆಷಿನ್ನಿನ ಸದ್ದೂ ನಿಂತಿತ್ತು. ಒಂದು ಗಂಟೆ ಕಾದರೋ, ಮೂರು ಗಂಟೆಯೋ. ನೆನೆದಾಗಲೆಲ್ಲ ಅದು ಉದ್ದವಾಗುತ್ತದೆ. ಕೊನೆಗೆ ತೆರೆದೆ. ಫೋನಿನಲ್ಲಿ ಅವರ ದನಿ ಬಂತು.

"ನಂಗೆ ಹತ್ತಕ್ಕಾಗಲ್ಲ ಕಣೋ. ನಿಂಗೆ ಇಳಿಯಕ್ಕಾಗತ್ತೆ. ಟೀ ಇಡ್ತೀನಿ, ಆರೋದ್ರೊಳಗೆ ಬಾ."

ಒಂದೊಂದೇ ಮೆಟ್ಟಿಲ ಮೇಲೆ ಕೂತು ಕೂತು ಇಳಿದೆ. ಟೀ ಎಂದೋ ಆರಿತ್ತು. ಹೊಸ್ತಿಲಲ್ಲಿ ಗೋಡೆ ಹಿಡಿದು ಚಪ್ಪಲಿ ಬಿಚ್ಚಲು ಒದ್ದಾಡಿದೆ. ಇರಲಿ, ಹಾಕಿಕೊಂಡೇ ಬಾ ಎನ್ನುತ್ತಾರೆ ಅಂದುಕೊಂಡೆ. ಅನ್ನಲಿಲ್ಲ. "ನಿಧಾನಕ್ಕೆ" ಎಂದು ಟೀ ಮತ್ತೆ ಬಿಸಿಗಿಟ್ಟರು. ಮರುದಿನದಿಂದ ದಿನಾ ಇಳಿದೆ, ಹತ್ತಿದೆ. ಇವತ್ತು ಕುಂಟದೆ ನಡೆಯುತ್ತಿದ್ದೇನೆ.

ಹೋದ ವರ್ಷ ಅವರು ತೀರಿಕೊಂಡರು. ಅವರ ಆಟದ ಮನೆಯ ಮುಂದೆ, ಬಂದವರು ಬರೆದುಹೋಗುವ ಫಲಕದಲ್ಲಿ, ನನ್ನ ಹರಕು ಇಂಗ್ಲಿಷಿನಲ್ಲಿ, ಹೋಗಿಬಿಟ್ಟರು ಎಂದು ಬರೆದೆ. ಮರುದಿನ ನೋಡಿದರೆ ಬಾಗಿಲಲ್ಲಿ ಎಂಟೊಂಬತ್ತು ಜನರ ಗೊಂಬೆಗಳು. ಒಬ್ಬರಿಗೆ ನರಿಯ ಮುಖ, ಇನ್ನೊಬ್ಬರಿಗೆ ರೆಕ್ಕೆ. ಯಾರ ಕಾಲಲ್ಲೂ ಏನೂ ಇರಲಿಲ್ಲ.

ನನ್ನ ಗೊಂಬೆ ಬೂಟು ಹಾಕಿಕೊಂಡಿತ್ತು. ಪೆಟ್ಟಿಗೆ ತೆರೆದು, ಟೋಪಿ ದಾಟಿ, ಕೋಟು ದಾಟಿ ನಾನು ಕಾಲಿನವರೆಗೆ ಇಳಿಯುವ ತನಕ ಅವರೆಲ್ಲ ಕಾದರು.