ಬೀಗದಕ್ಕನ ನೂರಾ ಹನ್ನೆರಡು ಹಾಡಿನ ಪುಸ್ತಕಗಳು

ಭಾನುವಾರ, ಬೆಳಗಿನ ಐದೂವರೆ. ಚರ್ಚಿನೊಳಗೆ ಒದ್ದೆ ಬಟ್ಟೆ ಹಿಡಿದು ನಲವತ್ತನೆಯ ಕುರ್ಚಿ ಒರೆಸುತ್ತಿರುವ ಬೀಗದಕ್ಕನ ಕೈ ತಟ್ಟನೆ ನಿಲ್ಲುತ್ತದೆ. ಬಾಗಿಲಲ್ಲಿ ಪಾದ್ರಿಗಳು!

"ಅಕ್ಕಾ, ಬೆಂಚು ತೆಗೆಸಿ ಕುರ್ಚಿಗಳನ್ನ ದುಂಡಗೆ ಹಾಕಿಸಿ ಮೂರು ತಿಂಗಳಾಯ್ತು. ಆದ್ರೂ ಜನ ಹಳಬರ ಪಕ್ಕಾನೇ ಕೂರ್ತಾರೆ, ಹೊಸಬರು ಬಾಗಿಲ ಹತ್ರಾನೇ ಉಳೀತಾರೆ. ಈ ವಾರವೂ ಹೀಗೇ ಆದ್ರೆ ಬೆಂಚು ವಾಪಸ್ ಅಂತಿದಾರೆ ಹಿರಿಯರು. ನಿಮಗೇನಾದ್ರೂ ಹೊಳೆಯುತ್ತಾ?"

"ನನ್ನ ತಲೆಗೇನು ಹೊಳೆಯುತ್ತೆ ಅಯ್ಯ? ನೆಲ ಹೊಳೆದ್ರೆ ಸಾಕು."

ಸೊಂಟದಲ್ಲಿ ಸದಾ ಬೀಗದಕೈ ಗೊಂಚಲು ತೂಗುವುದರಿಂದ ಆ ಹೆಸರು. ಚರ್ಚು ನೋಡಿಕೊಳ್ಳುತ್ತಿದ್ದ ಗಂಡ ಏಣಿಯಿಂದ ಬಿದ್ದು ತೀರಿಕೊಂಡಾಗ ಇಬ್ಬರು ಹೆಣ್ಣುಮಕ್ಕಳು ಇನ್ನೂ ಶಾಲೆಯಲ್ಲಿದ್ದರು. ಮಣ್ಣು ಮಾಡಿದ ಮೂರನೆಯ ದಿನವೇ ಆ ಗೊಂಚಲನ್ನು ತಾವೇ ಸಿಕ್ಕಿಸಿಕೊಂಡವರು. ಇಪ್ಪತ್ತೆಂಟು ವರ್ಷದಲ್ಲಿ ತಪ್ಪಿಸಿದ್ದು ಜ್ವರ ಬಂದ ಎರಡೇ ಭಾನುವಾರ. ಹದಿನಾಲ್ಕು ಕಿಟಕಿ, ನೂರಾ ಇಪ್ಪತ್ತು ಕುರ್ಚಿ, ನೂರಾ ಹನ್ನೆರಡು ಹಾಡಿನ ಪುಸ್ತಕ ಅವರ ಪಾಲಿನ ಕೆಲಸ.

ಪುಸ್ತಕವೆಂದರೆ ಜೀವ. ಬೈಂಡು ಬಿಟ್ಟವಕ್ಕೆ ಅಂಟು ಹಚ್ಚಿ, ಹಳೆಯ ಕ್ಯಾಲೆಂಡರಿನ ಚಿತ್ರದ ಹಾಳೆಗಳ ಹೊದಿಕೆ ಹಾಕುತ್ತಾರೆ. "ಹೂವಿಂದು ಹೊಲಿಗೆ ಟೀಚರಮ್ಮಂದು, ಹಡಗಿಂದು ಕಾಂಪೌಂಡರ್ ಅಣ್ಣಂದು, ದಪ್ಪಕ್ಷರದ್ದು ಕಣ್ಣು ಮಂಜಾದ ದೊಡ್ಡಮ್ಮಂದು. ಬಂದೋರು ಹುಡುಕಾಡಬಾರ್ದು" ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಾ, ಪಾದ್ರಿಗಳು ಮನೆಗೆ ಹೋದ ಮೇಲೆ ಈಗಲೂ ಒಂದೊಂದನ್ನೇ ಕುರ್ಚಿಗಳ ಮೇಲಿಡುತ್ತಾರೆ.

ಕೊನೆಯದನ್ನಿಟ್ಟು ತಿರುಗಿ ನೋಡುತ್ತಾರೆ. ಬೆಂಚು ಹೋಗಿದೆ, ಆದರೆ ಪುಸ್ತಕಗಳು ಬೆಂಚಿನ ಕಾಲದಲ್ಲಿ ಯಾರ ಪಕ್ಕ ಯಾರಿದ್ದರೋ ಅದೇ ಹಳೆಯ ಸಾಲಿನಲ್ಲಿವೆ! ವಾರವಾರ ಜನ ತಮ್ಮ ತಮ್ಮ ಪುಸ್ತಕ ನೋಡಿಕೊಂಡು ಹಳಬರ ಪಕ್ಕಕ್ಕೇ ಬಂದು ಕೂರುತ್ತಿದ್ದಾರೆ. ಪುಸ್ತಕವಿಲ್ಲದೆ ಖಾಲಿ ಉಳಿಯುವುದು ಬಾಗಿಲ ಬಳಿಯ ಎಂಟೇ ಕುರ್ಚಿ. ಆರು ತಿಂಗಳಿಂದ ಮಗಳೊಂದಿಗೆ ಬರುತ್ತಿರುವ ನರ್ಸಮ್ಮ ಕೂರುವುದೂ ಅಲ್ಲೇ.

ಸೆರಗಿಗೆ ಕೈ ಒರೆಸುತ್ತಾ ಪಾದ್ರಿಗಳ ಮನೆ ಬಾಗಿಲಿಗೆ ಓಡುತ್ತಾರೆ. "ಅಯ್ಯ, ಬೆಂಚು ತೆಗೆಸಿದ್ದು ನೀವು. ವಾರವಾರ ಅದನ್ನ ವಾಪಸ್ ಹಾಕ್ತಿದ್ದೋಳು ನಾನು!"

ನೂರಾ ಹನ್ನೆರಡನ್ನೂ ಎತ್ತಿ ಚರ್ಚಿನ ಬಾಗಿಲ ಬಳಿಯ ಮೇಜಿನ ಮೇಲೆ ಒಟ್ಟುತ್ತಾ, ಜೊತೆಗೆ ಬಂದ ಪಾದ್ರಿಗಳಿಗೆ ಹೇಳುತ್ತಾರೆ: "ಇದೇ ನನ್ನ ಪ್ರಾರ್ಥನೆ ಅಂದ್ಕೊಂಡಿದ್ದೆ. ದೇವರು ಜಾಗ ಕೊಡು ಅಂದ್ರೆ ನಾನು ಜಾಗ ಹಿಡಿದಿಟ್ಟೆ. ಈ ವಯಸ್ಸಲ್ಲಿ ಕಲಿಯೋದು ಸುಲಭ ಅಲ್ಲ ಅಯ್ಯ, ಆದ್ರೆ ಕಲಿಯಬೇಕು."

ಒಂಬತ್ತಕ್ಕೆ ಬರುವ ಜನ ಮೇಜಿನಿಂದ ಕೈಗೆ ಸಿಕ್ಕ ಪುಸ್ತಕ ಎತ್ತಿಕೊಳ್ಳುತ್ತಾರೆ. "ಏನಮ್ಮಾ, ನನ್ನ ಹಡಗು ಮುಳುಗೋಯ್ತಾ?" ಕಾಂಪೌಂಡರ್ ಅಣ್ಣ ರೇಗಿಸುತ್ತಾರೆ.

"ಮುಳುಗಿಲ್ಲಣ್ಣ. ಇವತ್ತು ಬೇರೆ ದಡಕ್ಕೆ ಹೋಗ್ಲಿ ಬಿಡಿ."

ದಪ್ಪಕ್ಷರದ್ದನ್ನು ಮಾತ್ರ ದೊಡ್ಡಮ್ಮನ ಕೈಗೇ ಕೊಡುತ್ತಾರೆ. ಹಡಗು ನರ್ಸಮ್ಮನ ಕೈಗೆ ಸಿಗುತ್ತದೆ. ಎಲ್ಲಿ ಕೂರುವುದೆಂದು ಆಕೆ ತಡವರಿಸುವಾಗ ದೊಡ್ಡಮ್ಮ ಪಕ್ಕದ ಕುರ್ಚಿಯಿಂದ ಚೀಲ ಎತ್ತಿಕೊಳ್ಳುತ್ತಾರೆ: "ಬಾ ತಾಯಿ, ಇಲ್ಲೇ ಕೂತ್ಕೋ. ಮಗೂನೂ ಕರ್ಕೋ."

ಹಾಡು ಏಳುತ್ತದೆ. ಬೀಗದಕ್ಕ ಕಂಬಕ್ಕೊರಗಿ ನಿಂತು ದುಂಡನೆಯ ಸಾಲನ್ನು ಕಣ್ತುಂಬ ನೋಡುತ್ತಾರೆ. ಯಾರು ಹಳಬರು, ಯಾರು ಹೊಸಬರು, ಅವರಿಗೂ ಗುರುತು ಹತ್ತುತ್ತಿಲ್ಲ. ನರ್ಸಮ್ಮನ ಆರು ವರ್ಷದ ಮಗಳು ಮಾತ್ರ ಹಾಡುವುದು ಬಿಟ್ಟು ಬೀಗದಕ್ಕನನ್ನೇ ನೋಡುತ್ತಿದ್ದಾಳೆ. ಎರಡು ಸಲ ಬಾಯಿ ತೆರೆದು ಮುಚ್ಚುತ್ತಾಳೆ. ಹಾಡು ನಿಂತು ಪ್ರಾರ್ಥನೆಗೆ ಎಲ್ಲರೂ ತಲೆ ಬಾಗಿಸಿದಾಗ ಅವಳ ದನಿ ಇಡೀ ಚರ್ಚಿಗೆ ಕೇಳಿಸುತ್ತದೆ:

"ಅಜ್ಜೀ, ನೀವ್ಯಾಕೆ ಕೂತ್ಕೊಳ್ಳಲ್ಲ?"